ಟ್ಯಾಂಕಿಗೆ ಬಾಟಲಿ ಸುರಿದರೆ ಮೈಲೇಜ್ ಬರುತ್ತಾ? ಕೊಡಗಿನ ಕಾರು-ಜೀಪಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಸುತ್ತಿ ಬಳಸದೆ ಹೇಳಿ: ಅಡಿಟಿವ್ (ಪೆಟ್ರೋಲ್-ಡೀಸೆಲಿಗೆ ಬೆರೆಸುವ ಬಾಟಲಿ ದ್ರವ) ಹಾಕಿದರೆ ಮೈಲೇಜ್ ಹೆಚ್ಚುತ್ತಾ, ಇಲ್ವಾ?

ಸರಿಯಾಗಿರುವ ಗಾಡಿಗೆ ಹಾಕಿದರೆ ಇಲ್ಲ. ಇಂಜೆಕ್ಟರಿಗೆ, ಅಂದರೆ ಎಂಜಿನ್ನಿಗೆ ಇಂಧನ ಚಿಮ್ಮಿಸುವ ನಳಿಕೆಗೆ, ಕೊಳೆ ಹಿಡಿದು ಮೈಲೇಜ್ ಬಿದ್ದಿದ್ದರೆ, ಒಳ್ಳೆಯ ಕ್ಲೀನರ್ ಆ ಬಿದ್ದಷ್ಟನ್ನೋ ಅದರಲ್ಲಿ ಒಂದು ಪಾಲನ್ನೋ ವಾಪಸ್ ತರಬಹುದು. ಗಾಡಿ ಹೊಸದಾಗಿದ್ದಾಗ ಕೊಟ್ಟದ್ದಕ್ಕಿಂತ ಹೆಚ್ಚು ಕೊಡಿಸುವ ಬಾಟಲಿ ಯಾವ ಅಂಗಡಿಯಲ್ಲೂ ಇಲ್ಲ.

"ಸುಡದೆ ಉಳಿದ ಪೆಟ್ರೋಲನ್ನೂ ಪೂರ್ತಿ ಸುಡಿಸುತ್ತದೆ" ಅಂತ ಲೇಬಲ್ ಮೇಲೇ ಬರೆದಿದೆಯಲ್ಲ?

ಬಿಸಿಯಾಗಿ ಸರಿಯಾಗಿ ಓಡುತ್ತಿರುವ ಎಂಪಿಎಫ್ಐ (ಇಂಜೆಕ್ಟರ್ ಇರುವ ಪೆಟ್ರೋಲ್) ಎಂಜಿನ್ನಿನಲ್ಲಿ ಸಿಲಿಂಡರಿಗೆ ಹೋದ ಪೆಟ್ರೋಲಿನ ಶೇ. 97-98ರಷ್ಟು ಅಲ್ಲೇ ಸುಟ್ಟುಹೋಗುತ್ತದೆ. ಉಳಿದ ಚೂರುಪಾರು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಮುಗಿಯುತ್ತದೆ. ಹಾಗಾಗಿ ಬಾಟಲಿ ಬಂದು ಸುಡಿಸಬೇಕಾದ ದಾಸ್ತಾನು ಅಂತ ಏನೂ ಇಲ್ಲ. ನೂರು ರೂಪಾಯಿ ಪೆಟ್ರೋಲಿನಲ್ಲಿ ಅರವತ್ತೈದು-ಎಪ್ಪತ್ತು ರೂಪಾಯಿ ರೇಡಿಯೇಟರ್ ಮತ್ತು ಸೈಲೆನ್ಸರ್ ದಾರಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಮತ್ತಷ್ಟನ್ನು ಪಿಸ್ಟನ್, ಬೇರಿಂಗು, ಗೇರ್‌ಬಾಕ್ಸಿನ ಉಜ್ಜಾಟ ತಿನ್ನುತ್ತದೆ. ಈ ಸೋರಿಕೆ ಎಂಜಿನ್ನಿನ ಕಟ್ಟೋಣದಲ್ಲೇ ಇರುವಂಥದ್ದು, ಟ್ಯಾಂಕಿಗೆ ಏನು ಸುರಿದರೂ ನಿಲ್ಲುವುದಿಲ್ಲ.

ಗಾಳಿ-ಪೆಟ್ರೋಲಿನ ಹದ ನೋಡಿಕೊಳ್ಳುವುದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. ಸೈಲೆನ್ಸರಿನಲ್ಲಿರುವ ಆಕ್ಸಿಜನ್ ಸೆನ್ಸರ್ ಹೇಳಿದ ಹಾಗೆ ಅದು ಕ್ಷಣಕ್ಷಣವೂ ತಿದ್ದುತ್ತಿರುತ್ತದೆ. ನೀವು ಸುರಿದದ್ದು ಆ ಹದವನ್ನು ಸ್ವಲ್ಪ ಕೆಡಿಸಿದರೂ ಅದು ಮೊದಲಿನ ಜಾಗಕ್ಕೇ ತಂದು ನಿಲ್ಲಿಸುತ್ತದೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು "ಇಂಧನ ಉಳಿಸುವ" ಸಾಮಾನುಗಳನ್ನು ಪರೀಕ್ಷಿಸಿದೆ, ಪರಿಶೀಲಿಸಿದೆ. ಗಮನಾರ್ಹವಾಗಿ ಮೈಲೇಜ್ ಹೆಚ್ಚಿಸಿದ್ದು ಒಂದೂ ಸಿಗಲಿಲ್ಲ.

ಆದರೆ ಹಾಕಿ ನೋಡಿದವರು ಎರಡು-ಮೂರು ಕಿ.ಮೀ. ಹೆಚ್ಚು ಬಂತು ಅನ್ನುತ್ತಾರೆ. ಎಲ್ಲರೂ ಸುಳ್ಳು ಹೇಳುತ್ತಾರಾ?

ಸುಳ್ಳಲ್ಲ, ಘಾಟಿಯ ಆಟ. ಸಂಪಾಜೆಯಿಂದ ಮಡಿಕೇರಿಗೆ ಬರುವಷ್ಟರಲ್ಲಿ ರಸ್ತೆ ಸುಮಾರು ಒಂದು ಸಾವಿರ ಮೀಟರ್ ಮೇಲೇರುತ್ತದೆ. ನಾಲ್ಕು ಜನ ಕೂತ ಸಣ್ಣ ಕಾರಿನ ತೂಕ 1,200 ಕೆ.ಜಿ. ಎಂದಿಟ್ಟುಕೊಳ್ಳಿ. ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಎತ್ತಲು ಸುಮಾರು 11.8 ಮೆಗಾಜೂಲ್ ಬೇಕು. ಒಂದು ಲೀಟರ್ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿನಲ್ಲಿ 30 ಮೆಗಾಜೂಲ್ ಆಸುಪಾಸು ಇರುತ್ತದೆ, ಅದರಲ್ಲಿ ಚಕ್ರಕ್ಕೆ ಮುಟ್ಟುವುದು ಒಂಬತ್ತು. ಅಂದರೆ ಬರೀ ಎತ್ತರ ಏರುವುದಕ್ಕೇ 1.3 ಲೀಟರ್ ಖರ್ಚು, ರಸ್ತೆ ಓಡಿದ ಖರ್ಚು ಬೇರೆ. ಸಮತಟ್ಟಿನಲ್ಲಿ ಲೀಟರಿಗೆ 17 ಕಿ.ಮೀ. ಕೊಡುವ ಕಾರು ಮಡಿಕೇರಿಯಿಂದ ಮಂಗಳೂರಿಗೆ ಇಳಿಯುವಾಗ 19, ವಾಪಸ್ ಹತ್ತುವಾಗ 15 ತೋರಿಸಿದರೆ ಅದು ಸಹಜ.

ಈಗ ಯೋಚಿಸಿ. ಯಾರೋ ಮಡಿಕೇರಿಯಲ್ಲಿ ಬಾಟಲಿ ಸುರಿದು, ಟ್ಯಾಂಕ್ ಫುಲ್ ಮಾಡಿ ಮಂಗಳೂರಿಗೆ ಇಳಿದು, ಅಲ್ಲಿ ಮತ್ತೆ ತುಂಬಿಸಿ ಲೆಕ್ಕ ಹಾಕುತ್ತಾರೆ. ಹೋದ ಸಲ ಲೆಕ್ಕ ಹಾಕಿದ್ದು ಹತ್ತಿ ಬಂದಾಗ. ನಾಲ್ಕು ಕಿ.ಮೀ. ಲಾಭ! ಬಾಟಲಿಗೆ ಹೆಸರು, ಘಾಟಿಗೆ ಕೆಲಸ.

ಇನ್ನೊಂದು ಸಂಗತಿಯೂ ಇದೆ. ಐನೂರು ರೂಪಾಯಿ ಕೊಟ್ಟು ಬಾಟಲಿ ಹಾಕಿದ ದಿನದಿಂದ ಬಲಗಾಲು ತಾನಾಗೇ ಹಗುರವಾಗುತ್ತದೆ.

ಹಾಗಾದರೆ ನಂಬುವಂತೆ ಅಳೆಯುವುದು ಹೇಗೆ?

ಒಂದೇ ಬಂಕ್, ಒಂದೇ ಪಂಪ್, ಕಾರು ನಿಲ್ಲಿಸುವ ದಿಕ್ಕೂ ಒಂದೇ. ಇದು ಅತಿಯಾಯಿತು ಅನ್ನಿಸಬಹುದು, ಆದರೆ ನಮ್ಮ ಊರಿನ ಬಂಕುಗಳ ನೆಲ ವಾಲಿಕೊಂಡಿರುವುದು ಜಾಸ್ತಿ. ವಾಲಿದ ಕಾರಿನಲ್ಲಿ ನಾಝಲ್ ಅರ್ಧ-ಒಂದು ಲೀಟರ್ ಮೊದಲೇ ಕಟ್ ಆಗುತ್ತದೆ. ಮೊದಲ ಸಲ ತಾನಾಗಿ ಕಟ್ ಆದ ತಕ್ಷಣ ನಿಲ್ಲಿಸಿ, ರೌಂಡ್ ಫಿಗರ್ ಮಾಡಲು ಮೇಲೆ ತುರುಕಿಸಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಹೊರಟ ಬಂಕಿಗೇ ವಾಪಸ್ ಬಂದು ತುಂಬಿಸಿ. ಹೀಗೆ ಮಾಡಿದರೆ ಏರಿದ್ದು, ಇಳಿದದ್ದು ಸರಿಸಮವಾಗುತ್ತದೆ.

ಹತ್ತು ಲೀಟರ್ ಹಾಕಿಸಿ ಅಳೆದರೆ ಅರ್ಧ ಲೀಟರಿನ ತಪ್ಪು ಶೇ. 5 ಆಗಿಬಿಡುತ್ತದೆ. ಮೂವತ್ತು ಲೀಟರಿನಲ್ಲಿ ಅದೇ ತಪ್ಪು ಶೇ. 1.7. ಆದ್ದರಿಂದ ಟ್ಯಾಂಕ್ ಮುಕ್ಕಾಲು ಖಾಲಿಯಾಗುವವರೆಗೆ ಓಡಿಸಿ ತುಂಬಿಸಿ. ನಾಲ್ಕು ಟ್ಯಾಂಕ್ ನೋಡಬೇಕು: ಮೊದಲನೆಯದು ಅಡಿಟಿವ್ ಇಲ್ಲದೆ, ನಡುವಿನ ಎರಡು ಅಡಿಟಿವ್ ಹಾಕಿ, ಕೊನೆಯದು ಮತ್ತೆ ಇಲ್ಲದೆ. ಕೊನೆಯ ಟ್ಯಾಂಕಿನಲ್ಲೂ ಮೈಲೇಜ್ ಏರಿಯೇ ಇದ್ದರೆ, ಒಂದೋ ಕ್ಲೀನರ್ ನಿಜವಾಗಿ ಕೊಳೆ ತೆಗೆದಿದೆ, ಇಲ್ಲವೋ ಮಳೆ ನಿಂತು ರಸ್ತೆ ಒಣಗಿದೆ. ಕಕ್ಕಡ ತಿಂಗಳಲ್ಲಿ ಶುರು ಮಾಡಿದ ಪರೀಕ್ಷೆಯನ್ನು ಹುತ್ತರಿ ಹೊತ್ತಿಗೆ ಮುಗಿಸಿದರೆ ಮೈಲೇಜ್ ಏರಿಯೇ ಏರುತ್ತದೆ. ಒದ್ದೆ ರಸ್ತೆ, ಗಾಜಿನ ಮಂಜಿಗೆ ಹಾಕಿದ ಎಸಿ, ಕೆಸರಿನಲ್ಲಿ ಫಸ್ಟ್ ಗೇರ್ ಎಲ್ಲ ಆ ಹೊತ್ತಿಗೆ ಹೋಗಿರುತ್ತವಲ್ಲ.

ದುಡ್ಡಿನ ಲೆಕ್ಕದಲ್ಲಿ?

ಬಾಟಲಿ 500 ರೂಪಾಯಿ, 45 ಲೀಟರಿಗೆ ಒಂದು ಎಂದುಕೊಳ್ಳಿ. ಲೆಕ್ಕಕ್ಕೆ ಸುಲಭವಾಗಲಿ, ಪೆಟ್ರೋಲ್ ಲೀಟರಿಗೆ 100. ಟ್ಯಾಂಕಿಗೆ 4,500 ರೂಪಾಯಿ. ಹಾಕಿದ ಐನೂರು ಹುಟ್ಟಬೇಕಾದರೇ ಮೈಲೇಜ್ ಶೇ. 11 ಏರಬೇಕು. ಹದಿನೇಳು ಕೊಡುವ ಕಾರು ಸುಮಾರು ಹತ್ತೊಂಬತ್ತು ಕೊಟ್ಟಾಗ ನಿಮಗೆ ಸಿಗುವ ಲಾಭ ಸೊನ್ನೆ.

ಬಾಟಲಿಗಳಲ್ಲಿ ಇರುವುದಾದರೂ ಏನು?

ಬಹುಪಾಲು ಸೀಮೆಎಣ್ಣೆ ಜಾತಿಯ ದ್ರಾವಕ. ಅದರೊಳಗೆ ಕೆಲಸಕ್ಕೆ ಬರುವ ಒಂದು ಪದಾರ್ಥ ಸ್ವಲ್ಪ. ಆ ಸ್ವಲ್ಪ ಯಾವುದು ಅನ್ನುವುದೇ ಮುಖ್ಯ.

ಪೆಟ್ರೋಲ್ ಕ್ಲೀನರುಗಳಲ್ಲಿ ಹುಡುಕಬೇಕಾದದ್ದು ಪಾಲಿಈಥರ್ ಅಮೀನ್, ಚಿಕ್ಕದಾಗಿ ಪಿಇಎ. ಇಂಜೆಕ್ಟರಿನ ತುದಿ, ಇನ್‌ಟೇಕ್ ವಾಲ್ವಿನ ಬೆನ್ನು, ದಹನ ಕೋಣೆ ಮೂರರ ಮಸಿಯನ್ನೂ ಬಿಡಿಸುವ ತಾಕತ್ತು ಇದಕ್ಕಿದೆ. ಲೇಬಲ್ಲಿನಲ್ಲೋ ಕಂಪನಿಯ ಸುರಕ್ಷತಾ ಮಾಹಿತಿ ಪತ್ರದಲ್ಲೋ ಈ ಹೆಸರು ಕಾಣದಿದ್ದರೆ ಅಲ್ಲೇ ಇಟ್ಟು ಬನ್ನಿ.

ಆಕ್ಟೇನ್ ಬೂಸ್ಟರುಗಳಲ್ಲಿ ಕೆಲವಕ್ಕೆ ಮ್ಯಾಂಗನೀಸ್ ಸೇರಿದ ಎಂಎಂಟಿ ಅಥವಾ ಕಬ್ಬಿಣ ಸೇರಿದ ಫೆರೋಸೀನ್ ಹಾಕಿರುತ್ತಾರೆ. ಲೋಹ ಉರಿದು ಮಾಯವಾಗುವುದಿಲ್ಲ. ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಇಟ್ಟಿಗೆ ಬಣ್ಣದ ಪುಡಿಯಾಗಿ ಕೂತು ಮಿಸ್‌ಫೈರ್ ತರುತ್ತದೆ, ಕ್ಯಾಟಲಿಟಿಕ್ ಕನ್ವರ್ಟರನ್ನೂ ಹಾಳು ಮಾಡುತ್ತದೆ. ಪ್ಲಗ್ ಕಳಚಿದಾಗ ಆ ಕೆಂಪು ಕಂಡರೆ ಬಾಟಲಿ ನಿಲ್ಲಿಸಿ. ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದದ್ದೂ ಇದೇ ಆಕ್ಟೇನಿಗಾಗಿ. ನಮ್ಮ ದೇಶದಲ್ಲಿ ಅದು ಪೂರ್ತಿ ನಿಂತದ್ದು 2000ದ ಫೆಬ್ರವರಿಯಲ್ಲಿ.

ಕ್ಲೀನರ್ ಯಾವಾಗ ಹಾಕಬೇಕು, ಹೇಗೆ?

ಬೆಳಗ್ಗೆ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಐಡಲಿಂಗ್ ಏರಿಳಿಯುತ್ತಿದ್ದರೆ, ಆಕ್ಸಿಲರೇಟರ್ ತುಳಿದಾಗ ಒಂದು ಕ್ಷಣ ತಡೆದು ಆಮೇಲೆ ಎಳೆಯುತ್ತಿದ್ದರೆ, ಗಾಡಿ ಅರವತ್ತು-ಎಪ್ಪತ್ತು ಸಾವಿರ ದಾಟಿದ್ದರೆ ಒಂದು ಸಲ ಹಾಕಿ ನೋಡಬಹುದು. ಮೊದಲು ಓಬಿಡಿ ಸ್ಕ್ಯಾನರ್ (ಇಸಿಯುವಿನ ಅಂಕಿ ಓದುವ ಉಪಕರಣ) ಹಾಕಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್, ಅಂದರೆ ಹದ ಉಳಿಸಲು ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಬಿಡುತ್ತಿದೆ ಎಂದು ನೋಡುವುದು ಒಳ್ಳೆಯದು. ಸೊನ್ನೆಯಿಂದ ಐದು ಆಚೆ-ಈಚೆ ಇದ್ದರೆ ಇಂಜೆಕ್ಟರ್ ಸರಿಯಿದೆ, ಬಾಟಲಿ ದಂಡ. ಪ್ಲಸ್ ಹತ್ತು ದಾಟಿದ್ದರೆ ಇಂಜೆಕ್ಟರ್ ಕಟ್ಟಿರಬಹುದು. ಗಾಳಿ ಎಳೆಯುವ ಬಿರುಕು ಬಿಟ್ಟ ಹೋಸ್, ಸೋತ ಫ್ಯುಯೆಲ್ ಪಂಪ್ ಇದ್ದರೂ ಹೀಗೇ ತೋರಿಸುತ್ತದೆ.

ಟ್ಯಾಂಕ್ ಕಾಲು ಭಾಗಕ್ಕೆ ಬಂದಾಗ ಬಾಟಲಿ ಸುರಿದು, ಆಮೇಲೆ ಪೆಟ್ರೋಲ್ ತುಂಬಿಸಿ. ಮೇಲಿಂದ ಬಿದ್ದ ಪೆಟ್ರೋಲೇ ಕಲಸಿಕೊಳ್ಳುತ್ತದೆ. ಲೇಬಲ್ ಹೇಳಿದ ಅಳತೆ ಮೀರಬೇಡಿ. ಹಾಕಿದ ಮೇಲೆ ತೋಟದಿಂದ ಗೇಟಿಗೆ, ಗೇಟಿನಿಂದ ಸಂತೆಗೆ ಓಡಿಸುವುದಲ್ಲ. ಕುಶಾಲನಗರ ದಾಟಿ ಹುಣಸೂರು ಕಡೆ ಒಂದು ದೊಡ್ಡ ಓಟ ಬೇಕು, ಎಂಜಿನ್ ಚೆನ್ನಾಗಿ ಬಿಸಿಯಾಗಿ ಆ ಟ್ಯಾಂಕ್ ಬೇಗ ಮುಗಿಯಲಿ. ಬಿಟ್ಟ ಮಸಿಯಲ್ಲಿ ಸ್ವಲ್ಪ ಆಯಿಲ್ಲಿಗೂ ಇಳಿಯುತ್ತದೆ, ಹಾಗಾಗಿ ಆಯಿಲ್ ಬದಲಿಸುವ ಸರ್ವಿಸಿಗೆ ಸ್ವಲ್ಪ ಮುಂಚೆ ಹಾಕುವುದು ಜಾಣತನ. ಒಂದು ಬಾಟಲಿಗೆ ಬಗ್ಗದಿದ್ದರೆ ಎರಡನೆಯದಕ್ಕೂ ಬಗ್ಗುವುದಿಲ್ಲ, ಇಂಜೆಕ್ಟರ್ ಕಳಚಿ ಅಲ್ಟ್ರಾಸಾನಿಕ್ ಕ್ಲೀನಿಂಗ್ ಮಾಡಿಸಬೇಕು.

ಹಳೇ ಗಾಡಿಗೆ ಒಂದು ಎಚ್ಚರಿಕೆ. ವರ್ಷಗಟ್ಟಲೆ ಟ್ಯಾಂಕಿನ ತಳದಲ್ಲಿ ಕೂತ ಮಡ್ಡಿ ಕ್ಲೀನರಿಗೆ ಸಡಿಲವಾಗಿ ಫಿಲ್ಟರಿಗೆ ಬಂದು ಕಟ್ಟುತ್ತದೆ. ಮಾಕುಟ್ಟ ಘಾಟಿಯ ನಡುವೆ ಗಾಡಿ ಉಸಿರುಗಟ್ಟಿ ನಿಲ್ಲುವುದು ಹೀಗೆ. ಮೊದಲೇ ಹೊಸ ಫಿಲ್ಟರ್ ಕೈಯಲ್ಲಿರಲಿ.

ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಕಾರುಗಳಲ್ಲಿ, ಅಂದರೆ ಜಿಡಿಐ, ಟಿಎಸ್ಐ ಅಂತ ಬರೆದಿರುವವುಗಳಲ್ಲಿ, ಪೆಟ್ರೋಲ್ ನೇರ ಸಿಲಿಂಡರಿಗೆ ಹೋಗುತ್ತದೆ. ಇನ್‌ಟೇಕ್ ವಾಲ್ವಿಗೆ ಅದು ಸೋಕುವುದೇ ಇಲ್ಲ. ಅಲ್ಲಿನ ಮಸಿಗೆ ಟ್ಯಾಂಕಿನ ಕ್ಲೀನರ್ ಏನೂ ಮಾಡಲಾರದು.

95 ಆಕ್ಟೇನಿನ ಪ್ರೀಮಿಯಂ ಪೆಟ್ರೋಲ್ ಹಾಕಿದರೆ?

ಆಕ್ಟೇನ್ ಎಂದರೆ ಶಕ್ತಿಯಲ್ಲ, ತಡೆದುಕೊಳ್ಳುವ ಗುಣ. ಒತ್ತಡ ಬಿದ್ದಾಗ ಕಿಡಿಗೆ ಮುಂಚೆಯೇ ಹತ್ತಿಕೊಂಡು ಎಂಜಿನ್ ನಾಕ್ ಹೊಡೆಯದಂತೆ ನೋಡುವುದು ಅದರ ಕೆಲಸ. ಕಾರಿನ ಮ್ಯಾನ್ಯುಯಲ್ 91 ಸಾಕು ಎಂದರೆ 91 ಸಾಕು. ಟರ್ಬೊ ಎಂಜಿನ್ನಿಗೆ ಮ್ಯಾನ್ಯುಯಲ್ಲೇ 95 ಕೇಳಿದರೆ ಮಾತು ಬೇರೆ.

ನಮ್ಮಲ್ಲಿ ಇನ್ನೂ ಒಂದು ಸಂಗತಿ ಇದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ, ಇಲ್ಲಿಯ ಗಾಳಿ ಮಂಗಳೂರಿಗಿಂತ ಶೇ. 10ಕ್ಕೂ ಹೆಚ್ಚು ತೆಳು. ಸಿಲಿಂಡರಿಗೆ ಹೋಗುವ ಗಾಳಿಯೇ ಕಡಿಮೆ, ಒತ್ತಡವೂ ಕಡಿಮೆ, ಹಾಗಾಗಿ ಟರ್ಬೊ ಇಲ್ಲದ ಎಂಜಿನ್ ಇಲ್ಲಿ ನಾಕ್ ಹೊಡೆಯುವುದೂ ಕಡಿಮೆ. ಪ್ರೀಮಿಯಂ ಪೆಟ್ರೋಲಿನ ಅಗತ್ಯ ಕರಾವಳಿಯವರಿಗಿಂತ ನಮಗೆ ಕಮ್ಮಿ. ಘಾಟಿಯಲ್ಲಿ ನಾಲ್ಕನೇ ಗೇರಿನಲ್ಲೇ ಎಳೆಸಿ ಟಣಟಣ ಸದ್ದು ಬರುತ್ತಿದ್ದರೆ ಅದಕ್ಕೆ ಮದ್ದು ಮೂರನೇ ಗೇರ್.

ಇ20 ಬಂದ ಮೇಲೆ ಮೈಲೇಜ್ ಬಿದ್ದಿದೆ. ಅದಕ್ಕೆ ಅಂತಲೇ ಬಾಟಲಿ ಮಾರುತ್ತಾರಲ್ಲ?

ಬಿದ್ದಿರುವುದು ನಿಜ, ಬಾಟಲಿ ಅದನ್ನು ಎತ್ತುವುದಿಲ್ಲ. ಎಥನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲು ಕಡಿಮೆ. ಐದರಲ್ಲಿ ಒಂದು ಪಾಲು ಎಥನಾಲ್ ಬೆರೆತರೆ ಒಟ್ಟು ಶಕ್ತಿ ಶೇ. 6-7 ಕಡಿಮೆಯಾಗುತ್ತದೆ. ಇ10ರಿಂದ ಇ20ಕ್ಕೆ ಬಂದದ್ದಷ್ಟನ್ನೇ ಲೆಕ್ಕ ಹಿಡಿದರೆ ಮೂರೂವರೆಯಷ್ಟು. ನೀತಿ ಆಯೋಗದ 2021ರ ವರದಿಯೂ ಎಥನಾಲ್ ಇಲ್ಲದ ಪೆಟ್ರೋಲಿಗೆ ಮಾಡಿ ಇ10ಕ್ಕೆ ಹೊಂದಿಸಿದ ಕಾರುಗಳಿಗೆ 6-7 ಎಂದೇ ಅಂದಾಜಿಸಿತ್ತು. ಇಲ್ಲದ ಶಕ್ತಿಯನ್ನು 300 ಮಿ.ಲೀ. ದ್ರವ ಎಲ್ಲಿಂದ ತರಬೇಕು? ಆ ದ್ರವ ತಾನೇ ಪೆಟ್ರೋಲಿನ ಹಾಗೆ ಉರಿದರೂ ಸಿಗುವುದು ನಾಲ್ಕೈದು ಕಿ.ಮೀ.

ನೀರಿನ ವಿಷಯಕ್ಕೆ ಮಾತ್ರ ಗಮನ ಕೊಡಿ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ತೇವ ಅದರಲ್ಲೇ ಕರಗಿ ಉರಿದುಹೋಗುತ್ತದೆ, ತೊಂದರೆಯಿಲ್ಲ. ಹೆಚ್ಚಾದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ, ಪಂಪ್ ಹೀರುವುದೂ ತಳದಿಂದಲೇ. ಮಳೆಗಾಲದಲ್ಲಿ ಕಾರನ್ನು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಬಿಡುವವರು ಟ್ಯಾಂಕ್ ತುಂಬಿಸಿ ಬಿಡಿ, ಒಳಗೆ ತೇವದ ಗಾಳಿಗೆ ಜಾಗ ಇರುವುದಿಲ್ಲ. ಕ್ಯಾಪಿನ ರಬ್ಬರ್ ರಿಂಗ್ ಬಿರುಕು ಬಿಟ್ಟಿದ್ದರೆ ಬದಲಿಸಿ. ಒಮ್ಮೆ ಬೇರ್ಪಟ್ಟ ಪೆಟ್ರೋಲನ್ನು ಯಾವ ಬಾಟಲಿಯೂ ಒಂದು ಮಾಡುವುದಿಲ್ಲ, ಟ್ಯಾಂಕ್ ಬಸಿಯಲೇಬೇಕು. 2023ಕ್ಕಿಂತ ಹಳೆಯ ಗಾಡಿಯಾದರೆ ಪೆಟ್ರೋಲ್ ಹೋಸನ್ನು ಬಗ್ಗಿಸಿ ನೋಡಿ. ಮೆತ್ತಗಾಗಿದ್ದರೂ ಬಿರುಕು ಕಂಡರೂ ಎಸ್‌ಎಇ ಜೆ30 ಆರ್9 ಎಂದು ಅಚ್ಚಾದ ಹೋಸ್ ಹಾಕಿಸಿ.

ಡೀಸೆಲ್ ಜೀಪಿಗೆ, ಪಿಕಪ್ಪಿಗೆ ಏನಾದರೂ ಬೇಕಾ?

ಬಿಎಸ್-6 ಡೀಸೆಲ್ 2020ರ ಏಪ್ರಿಲ್‌ನಿಂದ ದೇಶವೆಲ್ಲ ಒಂದೇ. ಸೀಟೇನ್ (ಡೀಸೆಲ್ ಬೇಗ ಹೊತ್ತಿಕೊಳ್ಳುವ ಗುಣದ ಅಳತೆ) ಕನಿಷ್ಠ 51, ಗಂಧಕ ಹತ್ತು ಲಕ್ಷಕ್ಕೆ ಹತ್ತು ಪಾಲು, ಪಂಪ್ ಸವೆಯದಷ್ಟು ಜಿಡ್ಡಿನ ಗುಣವೂ ಅಳತೆಗೆ ಒಳಪಟ್ಟದ್ದು. ಸೀಟೇನ್ ಬೂಸ್ಟರ್ ಹಾಕಿದರೆ ಚಳಿಯಲ್ಲಿ ಸ್ಟಾರ್ಟ್ ಸ್ವಲ್ಪ ಮೃದುವಾಗಬಹುದು, ಮೈಲೇಜಿನಲ್ಲಿ ಅಳತೆಗೆ ಸಿಗುವ ವ್ಯತ್ಯಾಸ ಇರುವುದಿಲ್ಲ. ಡೀಸೆಲ್ ಹೆಪ್ಪುಗಟ್ಟದಂತೆ ಹಾಕುವ ಬಾಟಲಿ ಲಡಾಖಿನವರಿಗೆ, ನಮಗಲ್ಲ.

"ನೀರು ತೆಗೆಯುವ" ಬಾಟಲಿಗಳಿಗೆ ನಮ್ಮ ವಿರೋಧವೇ ಇದೆ. ಅವುಗಳಲ್ಲಿ ಹಲವು ನೀರನ್ನು ತೆಗೆಯುವುದಿಲ್ಲ, ಡೀಸೆಲಿನಲ್ಲಿ ಕಲಸಿ ಇಂಜೆಕ್ಟರಿಗೆ ಕಳಿಸುತ್ತವೆ. ಸಾವಿರಾರು ಬಾರ್ ಒತ್ತಡದ ಕಾಮನ್ ರೈಲ್ ಇಂಜೆಕ್ಟರಿಗೆ ನೀರು ಹೋದರೆ ತುದಿ ಸಿಡಿಯುತ್ತದೆ. ನೀರನ್ನು ಕೆಳಗಿನಿಂದ ಬಿಡುವುದೇ ಸರಿ. ಫಿಲ್ಟರಿನ ತಳದ ತಿರುಪನ್ನು ಎರಡು ಸುತ್ತು ಸಡಿಲಿಸಿ, ಗಾಜಿನ ಲೋಟ ಹಿಡಿದು, ನೀರು ಮುಗಿದು ಶುದ್ಧ ಡೀಸೆಲ್ ಬರುವವರೆಗೆ ಬಿಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸಾಕು.

ನೀರು ಬರುವುದು ಎಲ್ಲಿಂದ? ತೋಟಗಳಲ್ಲಿ ಬಹಳ ಸಲ ಡ್ರಮ್ಮಿನಿಂದ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಪಂಪಿಗೆ ಬೇಕೆಂದು ತಂದ ಡೀಸೆಲ್ ಡ್ರಮ್ ಶೆಡ್ಡಿನ ಹೊರಗೆ ನೆಟ್ಟಗೆ ನಿಂತಿರುತ್ತದೆ. ಅದರ ತಲೆಯ ಮೇಲಿನ ಅಂಚಿನೊಳಗೆ ಒಂದಿಂಚು ಮಳೆನೀರು ನಿಲ್ಲುತ್ತದೆ. ಹಗಲು ಬಿಸಿಲಿಗೆ ಡ್ರಮ್ ಹಿಗ್ಗಿ ಒಳಗಿನ ಗಾಳಿ ಬಿರಡೆಯ ಸಂದಿನಿಂದ ಆಚೆ ಬರುತ್ತದೆ. ರಾತ್ರಿ ತಣ್ಣಗಾದಾಗ ಒಳಗೆ ಎಳೆದುಕೊಳ್ಳುತ್ತದೆ, ಆಗ ಗಾಳಿಯ ಬದಲು ಒಳಗೆ ಹೋಗುವುದು ಆ ನಿಂತ ನೀರು. ಬಿರಡೆ ಎಷ್ಟು ಬಿಗಿದಿದ್ದರೂ ಹೀಗಾಗುತ್ತದೆ. ಡ್ರಮ್ಮನ್ನು ಮಲಗಿಸಿ, ಎರಡು ಬಿರಡೆಗಳೂ ಗಡಿಯಾರದ ಮೂರು ಮತ್ತು ಒಂಬತ್ತರ ಜಾಗಕ್ಕೆ ಬರುವಂತೆ ಇಡಿ. ನಿಲ್ಲಿಸಲೇಬೇಕಿದ್ದರೆ ಒಂದು ಬದಿಗೆ ಮರದ ತುಂಡು ಕೊಟ್ಟು ವಾಲಿಸಿ, ಎರಡು ಬಿರಡೆಗಳೂ ವಾಲಿಕೆಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿರಲಿ, ಆಗ ನೀರು ಅವುಗಳಿಂದ ದೂರ ತಗ್ಗಿನ ಅಂಚಿಗೆ ನಿಲ್ಲುತ್ತದೆ.

ಹೊಸ ಬಿಎಸ್-6 ಡೀಸೆಲ್ ಗಾಡಿ, ಮೈಲೇಜ್ ಆಗಾಗ ಏಕಾಏಕಿ ಬೀಳುತ್ತದೆ. ಏಕೆ?

ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಮಸಿ ತುಂಬಿದಾಗ ಅದನ್ನು ಸುಡಲು ಇಸಿಯು ಹೆಚ್ಚಿನ ಡೀಸೆಲ್ ಬಿಡುತ್ತದೆ. ಮೂರು-ನಾಲ್ಕು ಕಿ.ಮೀ. ಓಡಿಸಿ ಆಫ್ ಮಾಡುವವರ ಗಾಡಿಯಲ್ಲಿ ಈ ಸುಡುವಿಕೆ ಅರ್ಧಕ್ಕೇ ನಿಂತು ಮತ್ತೆ ಮತ್ತೆ ಶುರುವಾಗುತ್ತದೆ. ಡೀಸೆಲ್ ಆಯಿಲ್ಲಿಗೆ ಇಳಿದು ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಏರುತ್ತದೆ. ಏರಿದ ಆಯಿಲ್ ಶುಭ ಶಕುನವಲ್ಲ, ಬದಲಿಸಿ. ವಾರಕ್ಕೊಮ್ಮೆ ಅರ್ಧ ಗಂಟೆ 2,000 ಆರ್‌ಪಿಎಮ್ ಮೇಲೆ ನಿಲ್ಲಿಸದೆ ಓಡಿಸಿ. ಇಂಥ ಗಾಡಿಗೆ ಟು-ಸ್ಟ್ರೋಕ್ ಆಯಿಲ್ ಬೆರೆಸಬೇಡಿ, ಅದರ ಬೂದಿ ಡಿಪಿಎಫ್‌ನಲ್ಲಿ ಖಾಯಂ ಕೂರುತ್ತದೆ.

ಆ್ಯಡ್‌ಬ್ಲೂ ಅಡಿಟಿವ್ ಅಲ್ಲ. ಅದು ಹೊಗೆ ಶುದ್ಧ ಮಾಡಲು ಬಳಸುವ ಶೇ. 32.5 ಯೂರಿಯಾ ನೀರು, ನೀಲಿ ಮುಚ್ಚಳದ ಬೇರೆ ಟ್ಯಾಂಕಿಗೆ. ತಪ್ಪಿ ಡೀಸೆಲ್ ಟ್ಯಾಂಕಿಗೆ ಬಿದ್ದರೆ ಕೀ ಕೂಡ ಆನ್ ಮಾಡದೆ ಎಳೆಸಿಕೊಂಡು ಹೋಗಿ.

ನುಸಿಗುಳಿಗೆ, ಸೀಮೆಎಣ್ಣೆ, ಅಸಿಟೋನ್, ಕರ್ಪೂರ?

ನಾಲ್ಕೂ ಬೇಡ. ನುಸಿಗುಳಿಗೆಯ ನ್ಯಾಫ್ತಲೀನ್ ಡಿಸೆಂಬರಿನ ಬೆಳಗಿನ ಚಳಿಗೆ ಮತ್ತೆ ಹರಳುಗಟ್ಟಿ ಜೆಟ್ಟಿನಲ್ಲಿ ಸಿಕ್ಕಿಕೊಳ್ಳಬಹುದು. ಈಗಿನ ಬಹಳಷ್ಟು ಗುಳಿಗೆಗಳು ನ್ಯಾಫ್ತಲೀನೂ ಅಲ್ಲ, ಕ್ಲೋರಿನ್ ಇರುವ ಬೇರೆ ರಾಸಾಯನಿಕ. ಉರಿದರೆ ಆಮ್ಲ. ಕರ್ಪೂರ ದೇವರಿಗಿರಲಿ. ಅಸಿಟೋನ್ ರಬ್ಬರ್ ಸೀಲುಗಳನ್ನು ಊದಿಸುತ್ತದೆ. ಸೀಮೆಎಣ್ಣೆ ಪೆಟ್ರೋಲಿನಲ್ಲಿ ಆಕ್ಟೇನ್ ಇಳಿಸುತ್ತದೆ, ಡೀಸೆಲಿನಲ್ಲಿ ಜಿಡ್ಡಿನ ಗುಣ ಇಳಿಸಿ ಪಂಪ್ ಸವೆಸುತ್ತದೆ. ಮೇಲಾಗಿ ಕಾನೂನುಬಾಹಿರ.

ಮ್ಯಾಗ್ನೆಟ್, ಹೈಡ್ರೋಜನ್ ಕಿಟ್, ಲೈಟರ್ ಸಾಕೆಟ್ಟಿಗೆ ಚುಚ್ಚುವ ಮಿನುಗುದೀಪದ ಡಬ್ಬಿ: ಇವಕ್ಕೆ ಉತ್ತರ ಬರೆಯುವುದೂ ದಂಡ.

ಸರಿ, ಬಾಟಲಿ ಬೇಡ. ಹಾಗಾದರೆ ಹೋದ ಮೈಲೇಜ್ ಎಲ್ಲಿ ಹೋಯಿತು?

ಕೊಡಗಿನಲ್ಲಿ ಮೊದಲು ಹುಡುಕಬೇಕಾದ ಜಾಗ ಬ್ರೇಕ್. ಮಳೆಗಾಲ ಮುಗಿದ ಮೇಲೆ ಬರುವ ಮೈಲೇಜ್ ದೂರಿನಲ್ಲಿ ಇದು ಎಷ್ಟು ಸಾಮಾನ್ಯವೋ ಅಷ್ಟೇ ಕಣ್ಣಿಗೆ ಬೀಳದ್ದು. ಮುಂದಿನ ಕ್ಯಾಲಿಪರ್, ಅಂದರೆ ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಹಿಡಿಕೆ, ಎರಡು ಪಿನ್ನುಗಳ ಮೇಲೆ ಜಾರುತ್ತದೆ. ಪಿನ್ನಿನ ರಬ್ಬರ್ ಟೋಪಿ ಹರಿದು ಕೆಸರುನೀರು ಒಳಗೆ ಹೋದರೆ ಪಿನ್ ತುಕ್ಕು ಹಿಡಿದು ಕ್ಯಾಲಿಪರ್ ವಾಪಸ್ ಬರುವುದಿಲ್ಲ, ಪ್ಯಾಡ್ ಡಿಸ್ಕನ್ನು ಸದಾ ಸವರುತ್ತಲೇ ಇರುತ್ತದೆ. ಹಿಂದಿನ ಡ್ರಮ್ಮಿನಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕಿಗೆ ಹಿಡಿದರೂ ಇದೇ ಕಥೆ.

ಪರೀಕ್ಷೆ ಸುಲಭ. ಸಮತಟ್ಟಾದ ರಸ್ತೆಯಲ್ಲಿ ಐದಾರು ಕಿ.ಮೀ. ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ, ಗೇರಿನಲ್ಲೇ ವೇಗ ಇಳಿಸಿ ನಿಲ್ಲಿಸಿ. ಪ್ರತಿ ಚಕ್ರದ ರಿಮ್ಮಿನ ಹತ್ತಿರ ಕೈಯ ಹಿಂಬದಿ ಹಿಡಿಯಿರಿ, ತಾಗಿಸಬೇಡಿ. ಎಡಬಲ ಒಂದೇ ಥರ ಬೆಚ್ಚಗಿರಬೇಕು. ಒಂದು ಮಾತ್ರ ಸುಡುತ್ತಿದ್ದರೆ ಕಳ್ಳ ಸಿಕ್ಕಿದ. ಆಮೇಲೆ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಎತ್ತಿ, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟು ಕೈಯಲ್ಲಿ ತಿರುಗಿಸಿ. ತಿರುಗಿಸಿದ ಚಕ್ರ ಕೈಬಿಟ್ಟ ಕೂಡಲೇ ನಿಂತರೆ ಬ್ರೇಕ್ ಹಿಡಿದಿದೆ. ಪಿನ್ ಹೊರತೆಗೆದು, ಒರೆಸಿ, ಸಿಲಿಕೋನ್ ಬ್ರೇಕ್ ಗ್ರೀಸ್ ಸವರಿ, ಹೊಸ ರಬ್ಬರ್ ಹಾಕಿಸಬೇಕು. ಮಾಮೂಲಿ ಚಾಸಿ ಗ್ರೀಸ್ ಹಚ್ಚಿದರೆ ರಬ್ಬರ್ ಊದಿ ಮೂರು ತಿಂಗಳಲ್ಲಿ ಮತ್ತೆ ಅದೇ ಪಾಡು. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವ ಗಾಡಿಯನ್ನು ಸಮತಟ್ಟಿನಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಮರದ ತುಂಡು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆಯದೆ ಬಿಡಿ.

ಎರಡನೆಯದು ಥರ್ಮೋಸ್ಟಾಟ್, ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್. ಘಾಟಿಯಲ್ಲಿ ಹೀಟ್ ಆಗುತ್ತದೆ ಎಂದು ಇದನ್ನು ಕಿತ್ತು ಬಿಸಾಕುವ ಅಭ್ಯಾಸ ಕೆಲವು ಗ್ಯಾರೇಜುಗಳಲ್ಲಿ ಇನ್ನೂ ಇದೆ. ಥರ್ಮೋಸ್ಟಾಟ್ ಇಲ್ಲದಿದ್ದರೆ, ಅಥವಾ ಬಾಯಿ ತೆರೆದೇ ಸಿಕ್ಕಿಕೊಂಡಿದ್ದರೆ, ಮಡಿಕೇರಿಯ ಚಳಿಯಲ್ಲಿ ಎಂಜಿನ್ ಬಿಸಿಯಾಗುವುದೇ ಇಲ್ಲ. ಇಸಿಯು ಇನ್ನೂ ತಣ್ಣಗಿದೆ ಎಂದುಕೊಂಡು ಪೆಟ್ರೋಲ್ ಹೆಚ್ಚು ಬಿಡುತ್ತಲೇ ಇರುತ್ತದೆ. ಓಬಿಡಿಯಲ್ಲಿ ಕೂಲಂಟ್ ಉಷ್ಣಾಂಶ ಹತ್ತು-ಹದಿನೈದು ನಿಮಿಷದ ಓಟದಲ್ಲಿ 80 ಡಿಗ್ರಿ ದಾಟಿ ಅಲ್ಲೇ ನಿಲ್ಲಬೇಕು. ಇಳಿಜಾರಿನಲ್ಲಿ 60-65ಕ್ಕೆ ಬೀಳುತ್ತಿದ್ದರೆ ಹೊಸ ಥರ್ಮೋಸ್ಟಾಟ್ ಹಾಕಿಸಿ. ಹಾಕುವ ಮುಂಚೆ ದಾರ ಕಟ್ಟಿ ಬಿಸಿನೀರಿನ ಪಾತ್ರೆಗೆ ಇಳಿಬಿಟ್ಟು ನೋಡಿ. ಅದರ ಮೈಮೇಲೆ ಅಚ್ಚಾಗಿರುವ ಡಿಗ್ರಿಗೆ, ಸಾಮಾನ್ಯವಾಗಿ 82ರಿಂದ 88ರೊಳಗೆ, ಬಾಯಿ ಬಿಡಲು ಶುರು ಮಾಡಬೇಕು.

ಟೈರ್ ಗಾಳಿಯನ್ನು ಮಧ್ಯಾಹ್ನ ಓಡಿಸಿಕೊಂಡು ಬಂದ ಬಿಸಿ ಟೈರಿಗೆ 33 ಹಿಡಿಸಿದರೆ ಮರುದಿನ ಬೆಳಗಿನ ಚಳಿಗೆ ಅದು 28ರ ಹತ್ತಿರ ಇರುತ್ತದೆ. ನಾಲ್ಕೂ ಟೈರಿನಲ್ಲಿ ಒಂದು ಪಿಎಸ್ಐ ಕಡಿಮೆಯಾದರೆ ಮೈಲೇಜ್ ಶೇ. 0.2 ಇಳಿಯುತ್ತದೆ. ಐದಕ್ಕೆ ಒಂದು ಶೇಕಡಾ. ದೊಡ್ಡದಲ್ಲ, ಆದರೆ ಪುಕ್ಕಟೆ. ಮ್ಯಾನ್ಯುಯಲ್ ತೆಳು 0ಡಬ್ಲ್ಯೂ-20 ಆಯಿಲ್ ಹೇಳಿದ ಎಂಜಿನ್ನಿಗೆ ದಪ್ಪ 20ಡಬ್ಲ್ಯೂ-50 ಸುರಿಸಿದ್ದರೆ ಅದರಲ್ಲೂ ಒಂದೆರಡು ಶೇಕಡಾ ಹೋಗುತ್ತದೆ. ಡಿಕ್ಕಿಯಲ್ಲಿ ಮರೆತ ಗೊಬ್ಬರದ ಮೂಟೆ 50 ಕೆ.ಜಿ. ಇದ್ದರೆ ಇನ್ನೊಂದು. ಏರ್ ಫಿಲ್ಟರ್ ಕಟ್ಟಿದರೆ ಇಂಜೆಕ್ಷನ್ ಕಾರಿನಲ್ಲಿ ಪಿಕಪ್ ಸಾಯುತ್ತದೆ, ಮೈಲೇಜ್ ಅಷ್ಟಾಗಿ ಕೆಡುವುದಿಲ್ಲ. ಕಾಫಿ ಕುಯ್ಲಿನ ಧೂಳಿನ ಕಾಲ ಮುಗಿದ ಮೇಲೆ ಹೇಗೂ ಬದಲಿಸಬೇಕು.

ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಉಳಿಯುತ್ತದಲ್ಲ?

ಉಳಿಯುವುದಿಲ್ಲ, ಖರ್ಚಾಗುತ್ತದೆ. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜೆಕ್ಟರ್ ಪೂರ್ತಿ ಬಂದ್, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಪೆಟ್ರೋಲ್ ಸೊನ್ನೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆಫ್ ಆಗದಿರಲು ಗಂಟೆಗೆ ಅರ್ಧ ಲೀಟರಿಗೂ ಮೇಲೆ ಕುಡಿಯುತ್ತದೆ, ಬ್ರೇಕೂ ಕಾಯುತ್ತದೆ. ಕಾರ್ಬುರೇಟರ್ ಕಾಲದ ಬುದ್ಧಿ ಇದು, ಆಗಲೂ ಅಪಾಯವೇ ಆಗಿತ್ತು. ಸಂಪಾಜೆ ಇಳಿಯಲು ಎರಡು-ಮೂರನೇ ಗೇರ್.

ಹಳೇ ಕಾರ್ಬುರೇಟರ್ ಜಿಪ್ಸಿ, ಓಮ್ನಿ ಇದ್ದವರಿಗೆ?

ಕಾರ್ಬುರೇಟರಿಗೆ ಎತ್ತರ ಗೊತ್ತಾಗುವುದಿಲ್ಲ. ಕರಾವಳಿಯಲ್ಲಿ ಹದ ಮಾಡಿದ್ದು ಮಡಿಕೇರಿಯಲ್ಲಿ ಶೇ. 6ರಷ್ಟು ಪೆಟ್ರೋಲ್ ಹೆಚ್ಚು ಬಿಡುತ್ತದೆ, ಪ್ಲಗ್ ಕಪ್ಪಾಗುತ್ತದೆ. ತಮಾಷೆಯೆಂದರೆ ಇ20 ಅದೇ ಹದವನ್ನು ಹೆಚ್ಚುಕಡಿಮೆ ಅಷ್ಟೇ ತೆಳು ಮಾಡುತ್ತದೆ, ಒಂದಕ್ಕೊಂದು ಬಹುಪಾಲು ವಜಾ. ಪ್ಲಗ್ ಕಂದು ಬಣ್ಣ ತೋರಿಸುತ್ತಿದ್ದರೆ ಏನೂ ಮುಟ್ಟಬೇಡಿ.

ಬಂಕಿನ ಪೆಟ್ರೋಲಿನ ಮೇಲೇ ಅನುಮಾನ ಬಂದರೆ?

ಕೇಳುವ ಹಕ್ಕಿದೆ. ಫಿಲ್ಟರ್ ಪೇಪರ್ ಕೇಳಿ, ನಾಝಲ್ ತುದಿ ಒರೆಸಿ ಒಂದು ಹನಿ ಬಿಡಿಸಿ. ಎರಡು ನಿಮಿಷದಲ್ಲಿ ಕಲೆ ಉಳಿಯದೆ ಆರಬೇಕು. ತಿಳಿ ಬಣ್ಣದ ಛಾಯೆ ಉಳಿದರೆ ಅದು ಪೆಟ್ರೋಲಿನ ಬಣ್ಣ, ಜಿಡ್ಡಿನ ಕಲೆ ಉಳಿದರೆ ಕಲಬೆರಕೆ. ಡೆನ್ಸಿಟಿ 15 ಡಿಗ್ರಿಗೆ ಲೆಕ್ಕ ಹಾಕಿದಾಗ ಅಲ್ಲಿ ದಾಖಲಿಸಿದ ಅಂಕಿಯಿಂದ ಘನ ಮೀಟರಿಗೆ 3 ಕೆ.ಜಿ.ಗಿಂತ ಹೆಚ್ಚು ಆಚೀಚೆ ಇರಬಾರದು. ಅಳತೆ ಕಡಿಮೆ ಅನ್ನಿಸಿದರೆ ಮುದ್ರೆ ಒತ್ತಿದ ಐದು ಲೀಟರಿನ ಪಾತ್ರೆಗೆ ಹಿಡಿಸಿ. 25 ಮಿ.ಲೀ. ವ್ಯತ್ಯಾಸದವರೆಗೆ ಮಾಫಿ.

ಸರ್ವಿಸ್ ಬಿಲ್ಲಿನಲ್ಲಿ ಕೇಳದೆಯೇ ಅಡಿಟಿವ್ ಸೇರಿಸಿರುತ್ತಾರೆ. ಬೇಡ ಅನ್ನಬಹುದಾ?

ಧಾರಾಳವಾಗಿ. ಗಾಡಿ ಬಿಡುವಾಗಲೇ ಜಾಬ್ ಕಾರ್ಡಿನಲ್ಲಿ "ಅಡಿಟಿವ್ ಬೇಡ" ಎಂದು ಬರೆಸಿ. ಮ್ಯಾನ್ಯುಯಲ್ಲಿನ ಸರ್ವಿಸ್ ಪಟ್ಟಿಯಲ್ಲಿ ಇಲ್ಲದ್ದನ್ನು ಬಿಟ್ಟರೆ ವಾರಂಟಿ ಹೋಗುವುದಿಲ್ಲ.

ಬಾಟಲಿ ಆಗಲೇ ತಂದಾಗಿದೆ. ಏನು ಮಾಡಲಿ?

ಪಿಇಎ ಇರುವ ಕ್ಲೀನರ್ ಆದರೆ ಮುಂದಿನ ಆಯಿಲ್ ಸರ್ವಿಸಿಗೆ ಒಂದು ಟ್ಯಾಂಕ್ ಮುಂಚೆ ಹಾಕಿ ಮುಗಿಸಿ. ಲೋಹ ಇರುವ ಬೂಸ್ಟರ್ ಆದರೆ ಬಿಲ್ ಇದ್ದರೆ ವಾಪಸ್ ಕೊಡಿ. ಅಂಗಡಿಯವರು ತೆಗೆದುಕೊಳ್ಳದಿದ್ದರೆ ಗ್ಯಾರೇಜಿನವರ ಹಳೇ ಆಯಿಲ್ ಡಬ್ಬಕ್ಕೆ ಸುರಿಯುವ ಯೋಚನೆ ಬೇಡ, ಬೆಂಕಿ ಹತ್ತುವ ಸಾಮಾನು. ಮುಚ್ಚಳ ಬಿಗಿದು, ಮಕ್ಕಳ ಕೈಗೆ ಸಿಗದ ಕಡೆ, ಒಲೆಯಿಂದ ದೂರ ಇಡಿ. ಲೇಬಲ್ ಮಾತ್ರ ಕಿತ್ತುಹೋಗದಿರಲಿ. ಹೆಸರಿಲ್ಲದ ಬಾಟಲಿಯನ್ನು ಬ್ರೇಕ್ ಆಯಿಲ್ ಎಂದುಕೊಂಡು ಸುರಿದರೆ ಅದು ಬ್ರೇಕಿನ ರಬ್ಬರುಗಳನ್ನೆಲ್ಲ ತಿಂದುಹಾಕುತ್ತದೆ.